ಮೂರನೇ ಪಂಕ್ತಿಯವರು

ಮದುವೆಮನೆಯಲ್ಲಿ ಏನೇನು ಕಳೆದುಹೋಗುತ್ತೆ, ಹೇಳಿ ನೋಡೋಣ. ಚಪ್ಪಲಿ... ಸರಿ, ಅದನ್ನ ಎಲ್ಲರೂ ಹೇಳ್ತಾರೆ. ರೂಮಿನ ಬೀಗದ ಕೈ. ಮಗು ಕಳೆಯುತ್ತೆ, ಐಸ್‌ಕ್ರೀಂ ಕೊಡೋ ಕಡೆ ಸಿಗುತ್ತೆ. ಆದರೆ ಅರವತ್ತೇಳು ವರ್ಷದ ಮನುಷ್ಯ ಒಬ್ಬ, ಮಟಮಟ ಮಧ್ಯಾಹ್ನ, ನಾನೂರು ಜನರ ನಡುವೆ, ಬಾಳೆ ಎಲೆ ಮುಂದೆ ಕೂತ ಜಾಗದಲ್ಲೇ ಕಳೆದುಹೋದ. ಎದ್ದು ಹೋಗಲಿಲ್ಲ. ಯಾರೂ ಎಳೆದುಕೊಂಡೂ ಹೋಗಲಿಲ್ಲ. ಹೇಗೆ? ಊಹೆ ಮಾಡಿ. ನನಗೇನೂ ಅವಸರ ಇಲ್ಲ. ರಿಟೈರಾಗಿ ಎಂಟು ವರ್ಷ ಆಯ್ತು, ಅವಸರವನ್ನೆಲ್ಲ ಕಾಲೇಜಿನ ಸ್ಟಾಫ್ ರೂಮಲ್ಲೇ ಬಿಟ್ಟು ಬಂದಿದ್ದೀನಿ.

ಆಗಲಿಲ್ವಾ? ಪರವಾಗಿಲ್ಲ, ನಾನೇ ಹೇಳ್ತೀನಿ. ದೀಪ ಸ್ವಲ್ಪ ಸಣ್ಣ ಮಾಡಿ.

ಕಳೆದುಹೋದವನು ನನ್ನ ಚಿಕ್ಕಪ್ಪನ ಮಗ ಶ್ರೀರಾಮಪ್ಪ. ಇಬ್ಬರೂ ಒಂದೇ ವರ್ಷ ಹುಟ್ಟಿದವರು, ಕೆ.ಆರ್. ಪುರಂ ಪಕ್ಕದ ಹಳ್ಳಿಯಲ್ಲಿ ಒಂದೇ ಜಗಲಿ ಮೇಲೆ ಬೆಳೆದವರು. ಆ ಹಳ್ಳಿ ಈಗ ಬಡಾವಣೆ. ನಾವು ಹುರುಳಿ ಒಣಹಾಕ್ತಿದ್ದ ಬಂಡೆಯ ಜಾಗದಲ್ಲಿ ಈಗ ಜಿಮ್ ಇದೆ, ಬೆಳಗಾದರೆ ಭಾರ ಎತ್ತಿ ಧೊಪ್ಪಂತ ಬಿಡ್ತಾರೆ. ನಾನು ಓದಿ ಕೆಮಿಸ್ಟ್ರಿ ಮೇಷ್ಟ್ರಾದೆ. ಅವನು ಶಿವಾಜಿನಗರದಲ್ಲಿ ಕಾಜ ಮಾಡೋ ಕೆಲಸಕ್ಕೆ ಸೇರಿದ. ಕಾಜ ಅಂದರೆ ಗೊತ್ತಲ್ಲ, ಅಂಗಿಯಲ್ಲಿ ಗುಂಡಿ ತೂರಿಸೋ ತೂತು. ದರ್ಜಿ ಅಂಗಿ ಹೊಲಿದು ಪಕ್ಕಕ್ಕೆ ಎಸೆದುಬಿಡ್ತಾನೆ. ಆ ತೂತು ಕತ್ತರಿಸಿ, ಅಂಚಿಗೆ ದಾರ ಸುತ್ತಿ, ಗುಂಡಿ ಹಚ್ಚೋಕೆ ಬೇರೆ ಆಳು. ನಲವತ್ತು ವರ್ಷ ಶ್ರೀರಾಮಪ್ಪ ಮಾಡಿದ್ದು ಅದೊಂದೇ. ಮಾತಾಡುವಾಗ ನಿಮ್ಮ ಮುಖ ನೋಡ್ತಿರಲಿಲ್ಲ, ಗುಂಡಿ ಸಾಲು ನೋಡ್ತಿದ್ದ. ನನ್ನ ಮದುವೆ ಫೋಟೋ ತೋರಿಸಿದರೆ, "ಎರಡನೇ ಕಾಜ ಸಡಿಲ ಬಿದ್ದದೆ," ಅಂದವನು.

ಅವನ ಹೆಂಡತಿ ಗೋವಿಂದಮ್ಮ. ಮಕ್ಕಳಿರಲಿಲ್ಲ. ಗೋವಿಂದಮ್ಮ ತೀರಿಕೊಂಡ ಮೇಲೆ ಹಲಸೂರಿನಲ್ಲಿ, ಜಹನಾರಾ ಅನ್ನೋರ ಮನೆಯ ಮೇಲಿನ ಒಂದು ರೂಮಿನಲ್ಲಿ ಒಬ್ಬನೇ ಇದ್ದ. ನಾನು ಹೋಗಬೇಕು ಹೋಗಬೇಕು ಅಂದುಕೊಳ್ತಾನೇ ಮೂರು ವರ್ಷ ಆಗಿತ್ತು.

ಹೋದದ್ದು ನನ್ನ ಮಗಳು ರಮ್ಯಳ ಮದುವೆಗೆ ಕರೆಯೋಕೆ. ಫೋನಲ್ಲಿ ಕಾರ್ಡ್ ಕಳಿಸಿದರೆ ಆಯ್ತು ಅಂತ ನಾನು; ಮನೆಗೇ ಹೋಗಿ, ಕುಂಕುಮ ಇಟ್ಟು, ಅಕ್ಷತೆ ಕೊಟ್ಟು ಕರೀಬೇಕು ಅಂತ ನನ್ನ ಹೆಂಡತಿ ಬೈರಮ್ಮ. ಗೆದ್ದವರು ಯಾರು ಅಂತ ಕೇಳಬೇಡಿ. ಅವತ್ತು ಕಮ್ಮನಹಳ್ಳಿಯಲ್ಲಿ ನಾಲ್ಕು ಮನೆ, ಪುಲಿಕೇಶಿನಗರದಲ್ಲಿ ನನ್ನ ಜೊತೆ ಪಾಠ ಮಾಡ್ತಿದ್ದ ಅಬ್ರಾರ್ ಮನೆ. ಅಲ್ಲಿ ಊಟ ಮಾಡದೆ ಎದ್ದರೆ ಬಿಡ್ತಾರಾ? ನಾನೊಬ್ಬನೇ ಹಲಸೂರು ಸೇರೋ ಹೊತ್ತಿಗೆ ರಾತ್ರಿ ಹತ್ತು ದಾಟಿತ್ತು.

ಬಾಗಿಲು ತಟ್ಟಿದೆ. ತೆಗೆದ. ನನ್ನನ್ನ ನೋಡಿ ಕಣ್ಣು ತುಂಬಿಕೊಂಡ. ನಾನು ಏನೋ ಬಹಳ ದಿನದ ಮೇಲೆ ನೋಡಿದ ಸಂತೋಷ ಅಂದುಕೊಂಡೆ.

"ನಾನು ಕಾಣಿಸ್ತೀನಾ ನಿಂಗೆ?" ಅಂದ.

"ಕನ್ನಡಕ ಹಾಕ್ಕೊಂಡಿದ್ದೀನಿ, ಕಾಣದೆ ಏನು," ಅಂದೆ.

ಕಾರ್ಡ್ ತಗೊಂಡ. ಅಕ್ಷತೆಯನ್ನ ಜೇಬಿಗೆ ಹಾಕಿಕೊಂಡ. ಮೆಟ್ರೋ ಸ್ಟೇಷನ್‌ವರೆಗೂ ಬಿಡ್ತೀನಿ ಅಂತ ಜೊತೆಗೆ ಹೊರಟ. ಹಳೇ ಹಲಸೂರಿನ ಗಲ್ಲಿ ನಿಮಗೆ ಗೊತ್ತು, ಹಗಲು ಸ್ಕೂಟರಿಗೆ ಸ್ಕೂಟರ್ ಉಜ್ಜುತ್ತೆ, ರಾತ್ರಿ ಹತ್ತೂವರೆಗೆ ನಾಯಿ ಕೂಡ ಇರಲ್ಲ. ಗಲ್ಲಿ ತಿರುಗೋ ಕಡೆ ಒಂದು ಆಲದ ಮರ. ಬಿಳಲು ಯಾವುದು, ಕೇಬಲ್ ವೈರ್ ಯಾವುದು ಗೊತ್ತಾಗಲ್ಲ, ಅಷ್ಟು ಸುತ್ತಿಕೊಂಡಿವೆ. ಮರದ ಬುಡದಲ್ಲಿ ಮುಚ್ಚಿದ ಬಾವಿ. ಮೇಲೆ ಕಬ್ಬಿಣದ ಜಾಲರಿ, ಜಾಲರಿ ಮೇಲೆ ಯಾರೋ ಎಸೆದುಹೋದ ಹಳೇ ಸೋಫಾ.

"ಇಲ್ಲಿ ಸ್ವಲ್ಪ ಮೆಲ್ಲಗೆ ಮಾತಾಡು," ಅಂದ ಶ್ರೀರಾಮಪ್ಪ.

"ಯಾಕೋ, ಯಾರು ಮಲಗಿದ್ದಾರೆ?"

"ಯಾರೂ ಮಲಗಿಲ್ಲ. ಅದಕ್ಕೇ."

ನಾನು ನಕ್ಕೆ. ನಗು ಅರ್ಧಕ್ಕೆ ನಿಂತಿತು. ಕಿರ್ರ್... ಕಿರ್ರ್... ಒಣಗಿದ ಮರದ ರಾಟೆ ಮೇಲೆ ಹಗ್ಗ ಉಜ್ಜೋ ಸದ್ದು. ನಾನು ಹಳ್ಳಿಯಲ್ಲಿ ನೀರು ಸೇದಿದವನು, ಆ ಸದ್ದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಮೇಲೆ ತುಂಬ ಕೆಳಗಿಂದ... ಬುಳುಕ್. ಕೊಡ ಮುಳುಗಿದ ಸದ್ದು.

ಅಲ್ಲಿ ರಾಟೆ ಇರಲಿಲ್ಲ. ಸೋಫಾ ಇತ್ತು.

"ಮೆಟ್ರೋ ಓಡಾಡಿದ್ದಕ್ಕೆ ನೆಲ ಅದುರುತ್ತೆ," ಅಂದೆ ನಾನು. ಮೇಷ್ಟ್ರ ಚಾಳಿ.

"ಮೆಟ್ರೋ ಆ ಕಡೆ ಕಣೋ," ಅಂದ. "ಬಾ, ನಡೀತಾನೇ ಹೇಳ್ತೀನಿ. ನಗಬೇಡ."

ಹೇಳಿದ. ನಾನು ಅವನ ಮಾತಲ್ಲೇ ಹೇಳ್ತೀನಿ, ಒಂದಕ್ಷರ ಸೇರಿಸಲ್ಲ... ಸರಿ, ಅಲ್ಲಲ್ಲಿ ಒಂದೆರಡು ಸೇರಬಹುದು.

"ಗೋವಿಂದ ಹೋದ್ಮೇಲೆ ನಂಗೆ ಒಬ್ನೇ ಕೂತು ಉಣ್ಣಕ್ಕಾಗಲ್ಲ ಮುನಿ. ಲೋಟ ಕೆಳಗಿಟ್ರೆ ಟಣ್ ಅಂತದೆ, ಆ ಟಣ್ ಗೋಡೆಗೆ ಹೋಗಿ ವಾಪಸ್ ಬರ್ತದೆ. ಒಂದು ಭಾನುವಾರ ಇಲ್ಲೇ ಛತ್ರದ ಮುಂದೆ ಹೋಗ್ತಿದ್ದೆ. ಓಲಗ ಊದ್ತಿದ್ರು. ಒಳಗೆ ಹೋಗಿ ಪಂಕ್ತಿಲಿ ಕೂತ್ಬಿಟ್ಟೆ. ಎಡಕ್ಕೊಬ್ಬರು, ಬಲಕ್ಕೊಬ್ಬರು. ಹೊಟ್ಟೆ ತುಂಬ ಉಂಡೆ. ಆಮೇಲೆ ಪ್ರತಿ ಭಾನುವಾರ ಹೋಗಕ್ಕೆ ಶುರು ಮಾಡ್ದೆ."

"ಕರೀದೇ ಇರೋ ಮದುವೆಗಾ? ನಾಚಿಕೆ ಆಗಲ್ವೇನೋ? ಯಾರಾದ್ರೂ ಕೇಳಿದ್ರೆ?"

"ಹೆಣ್ಣಿನ ಕಡೆಯೋರು ಕೇಳಿದ್ರೆ ಗಂಡಿನ ಕಡೆ ಅನ್ನೋದು. ಗಂಡಿನ ಕಡೆಯೋರು ಕೇಳಿದ್ರೆ ಹೆಣ್ಣಿನ ಕಡೆ. ಬಿಟ್ಟಿ ಏನೂ ತಿಂತಿರ್ಲಿಲ್ಲ. ಸೂಜಿ ದಾರ ಜೇಬಲ್ಲಿರ್ತದೆ. ಯಾವ ಮದುವೇಲಿ ಗುಂಡಿ ಕಿತ್ತು ಬರಲ್ಲ ಹೇಳು? ಒಂದ್ಸಲ ಮದುಮಗನ ಶೇರ್ವಾನಿದೇ ಹಾಕ್ಕೊಟ್ಟೆ, ಸ್ಟೇಜ್ ಹಿಂದೆ."

ಹೀಗೆ ಒಂದು ವರ್ಷ ನಡೆದ ಮೇಲೆ ಅವನ ಕಣ್ಣಿಗೆ ಕೆಲವರು ಬಿದ್ದರು. ಹಲಸೂರಿನ ಮದುವೆಯಲ್ಲಿ ನೋಡಿದವರೇ ಕಮ್ಮನಹಳ್ಳಿ ಮದುವೆಯಲ್ಲೂ. ಪುಲಿಕೇಶಿನಗರದ ವಲೀಮಾ ಊಟದಲ್ಲಿ ಟೋಪಿ ಹಾಕಿಕೊಂಡು ಅವರೇ. ಚರ್ಚಿನ ಮದುವೆಯಲ್ಲಿ ಕೋಟು ಹಾಕಿಕೊಂಡು ಅವರೇ. ಹನ್ನೊಂದು ಜನ. ಯಾವಾಗಲೂ ಮೂರನೇ ಪಂಕ್ತಿ. ಮೊದಲ ಪಂಕ್ತಿಯಲ್ಲಿ ಬೀಗರು, ದೊಡ್ಡವರು ಕೂರ್ತಾರೆ, ಕ್ಯಾಮೆರಾ ಅಲ್ಲೇ ಇರುತ್ತೆ. ಎರಡನೆಯದಕ್ಕೆ ನೆಂಟರು. ಕೊನೆಯದರಲ್ಲಿ ಮನೆಯವರೇ ಕೂರೋದು, ಅಲ್ಲಿ ಒಂದು ಹೊಸ ಮುಖ ಇದ್ದರೂ ಗೊತ್ತಾಗುತ್ತೆ. ಮೂರನೇ ಪಂಕ್ತಿಯ ಹೊತ್ತಿಗೆ ಎಲ್ಲರೂ ಸುಸ್ತು. ಬಡಿಸೋರು ಎಲೆ ನೋಡ್ತಾರೆ, ಮುಖ ನೋಡಲ್ಲ. ಅದರಲ್ಲೂ ಸಾಲಿನ ತುದಿಯಲ್ಲಿ ಅಲ್ಲ, ನಡುವೆ.

"ನನ್ನ ಥರಾನೇ ಊಟಕ್ಕೆ ಬರೋರು ಅಂದ್ಕೊಂಡೆ," ಅಂದ. "ಒಂದಿನ ಜಾಗ ಸಿಗದೆ ಅವರ ನಡುವೇನೇ ಕೂತೆ. ಪಾಯಸ ಬಂತು. ನನ್ನ ಆಚೆ ಈಚೆ ಎಲ್ಲ ಸೊರ್... ಸೊರ್... ಅಂತಿದ್ದಾರೆ. ಇವರ ಎಲೇಲಿ ಸದ್ದೇ ಇಲ್ಲ. ತಲೆ ಎತ್ತಿ ಪಕ್ಕದೋನ ಅಂಗಿ ನೋಡ್ದೆ. ಐದು ಗುಂಡಿ. ಕಾಜ... ಇಲ್ಲ."

"ಇಲ್ಲ ಅಂದ್ರೆ?"

"ತೂತೇ ಇಲ್ಲ ಕಣೋ. ಬಟ್ಟೆ ಮೇಲೆ ಗುಂಡಿ ಇಟ್ಟವ್ರೆ ಅಷ್ಟೇ. ಜೇಬಿನ ಮುಚ್ಚಳ ಅದೆ, ಅದರ ಕೆಳಗೆ ಜೇಬಿಲ್ಲ. ಆಕಡೆ ಹೆಂಗಸಿನ ಸೀರೆ, ಮುಂದೆ ಜರಿ ಅಂಚು, ಹಿಂದಕ್ಕೆ ಬರೀ ಬಟ್ಟೆ. ವಾಚು ಕಟ್ಟವ್ನೆ, ಮುಳ್ಳು ಬಣ್ಣದಲ್ಲಿ ಬರ್ದಿರೋದು. ಜನ ಎಷ್ಟು ನೋಡ್ತಾರೋ... ಅಷ್ಟೇ ಹೊಲಿದಿದ್ರು."

"ಹಂಗಾದ್ರೆ ಅಂಗಿ ಬಿಚ್ಚೋದು ಹೆಂಗೆ?"

"ಅದನ್ನ ನಾನು ಕೇಳ್ಲಿಲ್ಲ. ನೀನು ಮೇಷ್ಟ್ರು, ನಿಂಗೆ ಎಲ್ಲ ಬೇಕು."

ನಮ್ಮವನು ಸುಮ್ಮನೆ ಉಂಡು ಎದ್ದು ಬಂದಿದ್ದರೆ ಆಗಿತ್ತು. ನೀವಾದರೂ ನಾನಾದರೂ ಹಾಗೇ ಮಾಡ್ತಿದ್ದೆವು, ಯಾಕೆಂದರೆ ನಮಗೆ ಕಾಣ್ತಾನೇ ಇರಲಿಲ್ಲ. ನಲವತ್ತು ವರ್ಷ ಕಾಜ ಮಾಡಿದ ಕೈ, ಸುಮ್ಮನಿರುತ್ತಾ? ಪಕ್ಕದವನ ಹತ್ತಿರ ಬಗ್ಗಿ, "ಸಾರ್, ಕಾಜ ಮಾಡದೇ ಕೊಟ್ಬಿಟ್ಟವ್ರೆ. ಊಟ ಆದ್ಮೇಲೆ ಕೊಡಿ, ಎರಡು ನಿಮಿಷ," ಅಂದ.

ಎಡಕ್ಕೆ ಐದು ಎಲೆ, ಬಲಕ್ಕೆ ಆರು ಎಲೆ. ಹನ್ನೊಂದು ಕೈ ನಿಂತವು. ಸಾಂಬಾರಿನವನು ಬಂದು, "ಸಾಂಬಾರ್ ಸಾರ್, ಪೋದುಮಾ, ಸಾಕಾ?" ಅಂತ ಅವರ ತಲೆ ಮೇಲಿಂದ ಬಕೆಟ್ ದಾಟಿಸಿಕೊಂಡು ಹೋದ. ಬಕೆಟ್ಟಿನ ಹಿಡಿ ಕರಕ್ ಅಂತು. ಅಷ್ಟೇ ಸದ್ದು.

ಸೀರೆಯವಳು, ವಯಸ್ಸಾದವಳು, ಬಗ್ಗಿ ಅವನ ಮುಖ ನೋಡಿದಳು.

"ಇವನು ನೋಡ್ತಾನೆ," ಅಂದಳು.

ಮುಂದಿನ ಭಾನುವಾರ ಅವನು ಹೋದಾಗ ಸಾಲಿನ ನಡುವೆ ಒಂದು ಎಲೆ ಖಾಲಿ ಇತ್ತು. ಆ ಮುದುಕಿ ಕುರ್ಚಿ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. "ನಿಂಗೇ ಹಿಡಿದಿದ್ದೆ," ಅಂದಳು. ಹೆಸರು ಜಟ್ಟೆಮ್ಮ ಅಂದಳು. ಇದನ್ನ ಹೇಳುವಾಗ ಶ್ರೀರಾಮಪ್ಪನ ದನಿ ಬದಲಾಯ್ತು. ಮೂರು ವರ್ಷದಲ್ಲಿ ಅವನಿಗೆ ಅಂತ ಯಾರೂ ಜಾಗ ಹಿಡಿದಿರಲಿಲ್ಲ.

ಅವನು ಎಲ್ಲರಿಗೂ ಕಾಜ ಮಾಡಿಕೊಟ್ಟ. ಅವರು ತೂತಿನಲ್ಲಿ ಬೆರಳು ತೂರಿಸಿ, ಗುಂಡಿ ಹಾಕಿ, ಬಿಚ್ಚಿ, ಮತ್ತೆ ಹಾಕಿ, ಮಕ್ಕಳ ಹಾಗೆ ಸದ್ದಿಲ್ಲದೆ ನಕ್ಕರು. ನೀವು ಯಾರು ಅಂತ ಕೇಳಿದ. "ಹಳಬರು," ಅಂದಳು ಜಟ್ಟೆಮ್ಮ. "ಬಿಳಿಯರ ದಂಡು ಬರೋಕ್ಕೆ ಮುಂಚೆ ಇದ್ದೋರು. ಬಾವಿಗಳೆಲ್ಲ ಮುಚ್ಚಿದ್ರಿ. ಎಲ್ಲಾದ್ರೂ ಇರಬೇಕಲ್ಲ."

"ಹಿಂಗೆ ಜನರ ನಡುವೆ ಬರ್ತೀರಲ್ಲ, ಸಿಕ್ಕಿಬೀಳಲ್ವಾ?"

"ಅವಿತ್ಕೊಂಡ್ರೆ ಹುಡುಕ್ತಾರೆ ಮಗ," ಅಂದಳು. "ಕೂತ್ಕೊಂಡ್ರೆ ಬಡಿಸ್ತಾರೆ."

ಹೇಳಿ, ಇದಕ್ಕಿಂತ ಸರಿಯಾದ ಮಾತು ಈ ಬೆಂಗಳೂರಿನ ಬಗ್ಗೆ ಯಾರಾದರೂ ಹೇಳಿದ್ದಾರಾ?

ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನ ರಾತ್ರಿ ಹೊತ್ತು ಹೇಳ್ತಿರಲಿಲ್ಲ.

"ಗೋವಿಂದನ ಹೆಸರು ಕೇಳಿದ್ರು ಮುನಿ," ಅಂದ. "ಎಂಗಿದ್ಳು, ಏನು ಅಡಿಗೆ ಮಾಡ್ತಿದ್ಳು, ಎಲ್ಲ ಕೇಳಿದ್ರು. ಇಷ್ಟು ವರ್ಷದಲ್ಲಿ ಯಾರಾದ್ರೂ ಕೇಳಿದ್ದೀರಾ?"

ನಾನಂತೂ ಕೇಳಿರಲಿಲ್ಲ.

"ನಾನು ಎಲ್ಲ ಹೇಳ್ದೆ. ಮುಂದಿನ ವಾರ... ಮತ್ತೆ ಕೇಳಿದ್ರು. ಮೊದಲ್ನೇ ಸಲ ಕೇಳೋ ಥರ. ಅದರ ಮುಂದಿನ ವಾರಾನೂ. ಅವರಿಗೆ ನೆನಪು ನಿಲ್ಲಲ್ಲ ಕಣೋ. ಅವರು ಯಾರನ್ನೂ ನೆನಪಿಟ್ಕೊಳಲ್ಲ, ಅವರನ್ನೂ ಯಾರೂ ಇಟ್ಕೊಳಲ್ಲ. ಜನ ಅವರನ್ನ ನೋಡ್ತಾರೆ, ಮಾತಾಡಿಸ್ತಾರೆ, ಎರಡು ಹೆಜ್ಜೆ ಹೋದ್ರೆ ಮರೀತಾರೆ. ಅದೇ ಅವರ ವಿದ್ಯೆ. ಅವರ ಜೊತೆ ಉಂಡೂ ಉಂಡೂ ಅದು ನಂಗೂ ಹತ್ತಿಬಿಡ್ತು."

ಗಲ್ಲಿಯ ಟೀ ಅಂಗಡಿಯವನು ಇವನಿಗೆ ಟೀ ಕೊಡೋದು ನಿಲ್ಲಿಸಿದ. ಎದುರಿಗೇ ನಿಂತಿದ್ದರೂ. ಮನೆ ಒಡತಿ ಜಹನಾರಾ ಇವನು ಮೆಟ್ಟಿಲಿಳೀತಿದ್ದ ಹಾಗೇ ಗೇಟಿಗೆ ಬೀಗ ಹಾಕಿಕೊಂಡು ಹೋದರು. ಆಟೋದವರು ಕೈ ತೋರಿಸಿದರೂ ನಿಲ್ಲಿಸ್ತಿರಲಿಲ್ಲ. "ಅದು ನಮಗೂ ನಿಲ್ಲಿಸಲ್ಲ," ಅಂದೆ ನಾನು. ಅವನು ನಗಲಿಲ್ಲ.

"ಹೋದ ಮಂಗಳವಾರ," ಅಂದ, ದನಿ ಇನ್ನೂ ತಗ್ಗಿಸಿ, "ಗೋವಿಂದನ ಮೂಗುಬೊಟ್ಟು ಎಡಕ್ಕಿತ್ತೋ ಬಲಕ್ಕೋ... ಜ್ಞಾಪಕ ಬರ್ಲಿಲ್ಲ. ಬೆಳಗಿಂದ ಸಂಜೆವರೆಗೂ ಬರ್ಲಿಲ್ಲ. ಸಂಜೆ ಬಂತು. ಎಡಕ್ಕೆ. ನಂಗೆ ಭಯ ಆಯ್ತು ಮುನಿ. ಅವಳನ್ನ ನೆನಪಿಟ್ಟಿರೋನು ನಾನೊಬ್ನೇ. ನಾನೂ ಮರ್ತ್ರೆ... ಅವಳು ಇರ್ಲೇ ಇಲ್ಲ ಅಂತ ಆಗಿಬಿಡ್ತದೆ."

"ಹೋಗಬೇಡ ಅಲ್ಲಿಗೆ. ಅಷ್ಟೇ ತಾನೆ."

"ಹೋಗದೇ ಇದ್ರೆ ಇನ್ನೆಲ್ಲಿಗೆ ಹೋಗ್ಲಿ?"

ನಾನು ಕಾರ್ಡಿನ ಚೀಲ ಆ ಹೆಗಲಿಂದ ಈ ಹೆಗಲಿಗೆ ಹಾಕಿಕೊಂಡೆ.

ಜಟ್ಟೆಮ್ಮ ಅವನಿಗೆ ಒಂದು ಪದ್ಧತಿ ಹೇಳಿದ್ದಳಂತೆ. ಹೊಸಬ ಅವರವನಾಗೋದು ಅವನ ಸ್ವಂತ ಮನೆತನದ ಮದುವೆ ಊಟದಲ್ಲಿ. ಪರರ ಮದುವೆಯಲ್ಲಿ ಯಾರೂ ಗುರುತು ಹಿಡಿಯದೇ ಇರೋದು ದೊಡ್ಡದಲ್ಲ. ರಕ್ತಸಂಬಂಧಿಗಳ ಮದುವೆ, ಮೂರನೇ ಪಂಕ್ತಿ, ಎಲೆ ಹಾಕಿದಾಗಿಂದ ಏಳೋವರೆಗೆ. ಅಷ್ಟರಲ್ಲಿ ಮನೆಯವರು ಯಾರಾದರೂ ಹೆಸರು ಹಿಡಿದು ಕರೆದರೆ ಅವರು ಬಿಟ್ಟು ಹೋಗ್ತಾರೆ, ಮತ್ತೆ ಯಾವತ್ತೂ ಹತ್ತಿರ ಬರಲ್ಲ. ಯಾರೂ ಕರೀಲಿಲ್ಲ ಅಂದರೆ, ಅವನು ಅವರವನು. ಬಲವಂತ ಏನಿಲ್ಲ. ಪದ್ಧತಿ ಅಷ್ಟೇ.

"ನಂಗಿರೋ ಸಂಬಂಧ ನೀನೊಬ್ನೇ," ಅಂದ. "ನಿನ್ನ ಮಗಳ ಮದುವೆ ಬಿಟ್ರೆ ಇನ್ನೊಂದಿಲ್ಲ. ನಾನು ಬಂದು ಕೂರ್ತೀನಿ. ನೀನು ಪಂಕ್ತಿ ವಿಚಾರಿಸ್ಕೊಂಡು ಬರ್ತೀಯಲ್ಲ, ಆವಾಗ... ಒಂದ್ಸಲ. 'ಶ್ರೀರಾಮಪ್ಪ' ಅಂತ. ಅಷ್ಟು ಸಾಕು."

"ಒಂದ್ಸಲ ಯಾಕೋ, ಮೈಕಲ್ಲಿ ಕರೀತೀನಿ," ಅಂದೆ.

"ಮೈಕ್ ಬೇಡ," ಅಂದ. "ಎದುರಿಗೆ ನಿಂತು ಕರಿ."

ಸ್ಟೇಷನ್ ಬಂತು. ಸೆಕ್ಯುರಿಟಿಯವನು ನನ್ನ ಚೀಲ ಎರಡು ಸಲ ತೆಗೆಸಿ ನೋಡಿದ. ಪಕ್ಕದಲ್ಲೇ ನಿಂತಿದ್ದ ಶ್ರೀರಾಮಪ್ಪನ ಕಡೆ ಕತ್ತೂ ತಿರುಗಿಸಲಿಲ್ಲ. ನಾನು ಅವನ ಕೈ ಹಿಡಿದು ಮಾತು ಕೊಟ್ಟೆ. ಕೈ ತಣ್ಣಗಿತ್ತು... ಜನವರಿ, ಚಳಿ, ಎಲ್ಲರ ಕೈಯೂ ತಣ್ಣಗಿರುತ್ತೆ.

ನಾನು ಮಾತು ತಪ್ಪೋ ಜಾತಿಯವನಲ್ಲ. ಇದನ್ನ ನೀವು ನಂಬಬೇಕು. ಕಣ್ಣಿಗೆ ಕಾಣದ್ದನ್ನ ನಂಬೋದು ನನಗೆ ಕಷ್ಟವೂ ಅಲ್ಲ, ಮೂವತ್ನಾಲ್ಕು ವರ್ಷ ಪರಮಾಣು ಪಾಠ ಮಾಡಿದ್ದೀನಿ, ಒಂದನ್ನೂ ನೋಡಿಲ್ಲ. ಮದುವೆ ದಿನ ಬೆಳಗ್ಗೆ ಸ್ನಾನ ಮಾಡಿ ಶಲ್ಯ ಹೊದ್ದುಕೊಂಡ ತಕ್ಷಣ, ಅದರ ತುದಿಗೆ ಒಂದು ಗಂಟು ಹಾಕಿಕೊಂಡೆ. ಶ್ರೀರಾಮಪ್ಪನನ್ನ ಕರೀಬೇಕು ಅಂತ. ಮುಹೂರ್ತದ ಹೊತ್ತಿಗೂ ಜ್ಞಾಪಕ ಇತ್ತು. ಧಾರೆ ಎರೆಯುವಾಗಲೂ ಇತ್ತು. ಮೊದಲ ಪಂಕ್ತಿಯಲ್ಲಿ ಹುಡುಗನ ಸೋದರಮಾವ ಭೀಮಾಶಂಕರ ಅನ್ನೋರು ಹೋಳಿಗೆಗೆ ತುಪ್ಪ ಸಾಲಲಿಲ್ಲ ಅಂತ ಮುಖ ದಪ್ಪ ಮಾಡಿಕೊಂಡರು. ಅವರಿಗೆ ತುಪ್ಪದ ಪಾತ್ರೆಯನ್ನೇ ತಂದು ಪಕ್ಕದಲ್ಲಿಟ್ಟೆ. ಆವಾಗಲೂ ಗಂಟು ಮುಟ್ಟಿ ನೋಡಿಕೊಂಡೆ. ಎರಡನೇ ಪಂಕ್ತಿ ಎದ್ದಿತು. ಎಲೆ ತೆಗೆದರು, ಮೇಜಿನ ಮೇಲೆ ಹೊಸ ಕಾಗದ ಹಾಸಿದರು, ಸರ್ರ್ ಅಂತ ಉದ್ದಕ್ಕೂ. ಮೂರನೇ ಪಂಕ್ತಿ ಕೂತಿತು. ನಾನು ಕೈಮುಗಿದುಕೊಂಡು ಈ ತುದಿಯಿಂದ ಶುರು ಮಾಡಿದೆ.

ಆ ತುದಿಗೆ ಬಂದೆ. ಕೈ ತೊಳೆದೆ. ಕಾಫಿ ಕುಡಿದೆ.

ಸಂಜೆ ಛತ್ರ ಖಾಲಿ ಮಾಡಿ ಮನೆಗೆ ಬಂದ ಮೇಲೆ ಬೈರಮ್ಮ ಶಲ್ಯ ಮಡಿಸ್ತಾ, "ಇದೇನ್ರೀ ಗಂಟು?" ಅಂದಳು.

ನೋಡಿದೆ. ಯೋಚನೆ ಮಾಡಿದೆ. "ಗೊತ್ತಿಲ್ಲ ಕಣೇ," ಅಂದೆ. ಅವಳು ಬಿಚ್ಚಿದಳು.

ಆಮೇಲೆ ಮೂರು ವಾರ. ಯಾರು ಬಂದರು, ಯಾರು ಬರಲಿಲ್ಲ, ಯಾರು ಮುನಿಸಿಕೊಂಡರು ಅಂತ ಪಟ್ಟಿ ಹಿಡಿದು ನಾನೂ ಬೈರಮ್ಮನೂ ದಿನಾ ಮಾತಾಡಿದ್ದೀವಿ. ಶ್ರೀರಾಮಪ್ಪನ ಹೆಸರು ಒಂದು ಸಲವೂ ಬರಲಿಲ್ಲ. ಪಟ್ಟಿಯಲ್ಲಿ ಇರಲೂ ಇಲ್ಲ. ಅಂಥ ಒಬ್ಬ ನನಗಿದ್ದಾನೆ ಅನ್ನೋದೇ... ಹೇಗೆ ಹೇಳಲಿ... ಗೋಡೆ ಒರೆಸಿದ ಹಾಗೆ.

ವೀಡಿಯೊ ಬಂತು. ರಮ್ಯ, ಅಳಿಯ ಆನಂದ್, ನಾವಿಬ್ಬರು ಟಿವಿ ಮುಂದೆ ಕೂತೆವು. ಊಟದ ಭಾಗ ಓಡಿಸಿಬಿಡು ಅಂದ ಆನಂದ್. ರಮ್ಯ ಓಡಿಸ್ತಿದ್ದಳು, ನಿಲ್ಲಿಸಿದಳು.

"ಅಪ್ಪ, ಇವರ್ಯಾರು? ಇವರ ಹತ್ರ ಇಷ್ಟೊತ್ತು ಏನ್ ಮಾತಾಡ್ತಿದ್ದೀಯ?"

ಕ್ಯಾಮೆರಾದವನು ನನ್ನ ಹಿಂದೆಯೇ ಬಂದಿದ್ದಾನೆ. ಮೂರನೇ ಪಂಕ್ತಿ, ಸಾಲಿನ ನಡುವೆ. ನಾನು ಒಬ್ಬರ ಭುಜದ ಮೇಲೆ ಕೈ ಇಟ್ಟುಕೊಂಡು ಬಗ್ಗಿ ನಿಂತಿದ್ದೀನಿ. ಬಿಳೀ ಅಂಗಿ. ಮುಖ ಎತ್ತಿ ನನ್ನನ್ನೇ ನೋಡ್ತಿದ್ದಾನೆ. ಗುಂಡಿ ಸಾಲು ಅಲ್ಲ. ಮುಖ.

ಶ್ರ್‌ರ್ ಅಂತ ಎಲ್ಲ ಒಟ್ಟಿಗೆ ಬಂದುಬಿಡ್ತು ನನ್ನ ತಲೆಗೆ. ಬಾವಿ. ಸೋಫಾ. ಕೊಟ್ಟ ಮಾತು. ರಿಮೋಟ್ ಕಿತ್ತುಕೊಂಡೆ. "ಶ್ರೀರಾಮಪ್ಪ ಕಣೇ... ನಿಮ್ಮ ಚಿಕ್ಕಪ್ಪ," ಅಂದೆ. "ಯಾವ ಚಿಕ್ಕಪ್ಪ?" ಅಂದಳು ರಮ್ಯ. ಎತ್ತಿ ಆಡಿಸಿದವನು ಅವನು. ಅವಳ ನಾಮಕರಣದ ಅಂಗಿಗೆ ಕಾಜ ಮಾಡಿದವನು.

ಮಾತಾಡಿಸಿದ್ದೀನಿ, ನಿಂತು ಮಾತಾಡಿಸಿದ್ದೀನಿ, ಹೆಸರು ಹಿಡಿದು ಕರೆದೇ ಇರ್ತೀನಿ ಅಂತ ಅನ್ನಿಸ್ತು. ಒಂದು ಕ್ಷಣ ನಿಜಕ್ಕೂ ಸಂತೋಷ ಆಯ್ತು. ಹಿಂದಕ್ಕೆ ಓಡಿಸಿ ಸದ್ದು ಜಾಸ್ತಿ ಮಾಡಿದೆ.

ನನ್ನ ದನಿ. ತುಂಬ ಪ್ರೀತಿಯಿಂದ, ತುಂಬ ಮರ್ಯಾದೆಯಿಂದ.

"ನಿಧಾನವಾಗಿ ಊಟ ಮಾಡಿ ಸಾರ್. ಯಾರು ಅಂತ ಗೊತ್ತಾಗಲಿಲ್ಲ, ಬೇಜಾರು ಮಾಡ್ಕೋಬೇಡಿ... ಗಂಡಿನ ಕಡೆಯವರಾ?"

ಅವನು ನನ್ನನ್ನೇ ನೋಡಿದ. ಕಾಯ್ತಾ ಇದ್ದ. ಹಿಂದೆ ಯಾರದೋ ಬಕೆಟ್ ಕರಕ್ ಅಂತು. ಲೋಟ ಒಂದು ಉರುಳಿತು. ನಾನು ಭುಜ ತಟ್ಟುತ್ತಾ, ನಗುತ್ತಾ ನಿಂತೇ ಇದ್ದೆ. ಕೊನೆಗೆ ಅವನು ತಲೆ ತಗ್ಗಿಸಿದ.

"ಹೂಂ," ಅಂದ. "ಗಂಡಿನ ಕಡೆ."

"ಸಂತೋಷ, ಸಂತೋಷ," ಅಂದುಕೊಂಡು ನಾನು ಮುಂದಿನ ಎಲೆಗೆ ಹೋದೆ.

ಆ ರಾತ್ರಿಯೇ ಹಲಸೂರಿಗೆ ಓಡಿದೆ. ಜಹನಾರಾ ಗೇಟ್ ತೆಗೆದು, "ಕೌನ್ ಶ್ರೀರಾಮಪ್ಪ, ಸಾರ್? ಮೇಲ್ಗಡೆ ರೂಮ್ ನಮ್ದು ಸಾಮಾನ್ ಹಾಕೋಕೆ ಇರೋದು," ಅಂದರು. ಒಳ್ಳೆ ಹೆಂಗಸು, ಸುಳ್ಳು ಹೇಳೋರಲ್ಲ. ಮೇಲೆ ಕರೆದುಕೊಂಡು ಹೋಗಿ ತೋರಿಸಿದರು. ಗ್ಯಾಸ್ ಸಿಲಿಂಡರ್, ಸುತ್ತಿಟ್ಟ ಚಾಪೆ, ಕೆಟ್ಟ ಫ್ಯಾನು. ಬಾಗಿಲು ತೆಗೆದಾಗ ಧೂಳು ಎದ್ದಿತು. ವಾಪಸ್ ಬರುವಾಗ ಆಲದ ಮರದ ಕೆಳಗೆ ತುಂಬ ಹೊತ್ತು ನಿಂತಿದ್ದೆ. ಹೆಸರು ಹಿಡಿದು ಕರೆದೆ. ಮೆಲ್ಲಗೆ ಕರೆದೆ, ಆಮೇಲೆ ಜೋರಾಗಿ ಕರೆದೆ. ಎದುರು ಮನೆಯ ಮಹಡಿಯಿಂದ ಯಾರೋ, "ರೀ, ಮಲ್ಕೊಳಿ ಹೋಗ್ರೀ," ಅಂದರು.

ಗೋವಿಂದಮ್ಮನ ಮೂಗುಬೊಟ್ಟು ಎಡಕ್ಕಿತ್ತು. ಅದನ್ನ ಈಗ ನಾನು ಎಲ್ಲರಿಗೂ ಹೇಳ್ತೀನಿ. ಬೈರಮ್ಮ, "ಸಿಕ್ಕಿದವರಿಗೆಲ್ಲ ಇದೇ ಕತೆ," ಅಂತ ಬೈತಾಳೆ. ಬೈಯಲಿ.

ಇನ್ನೊಂದು ವಿಷಯ. ಇದನ್ನ ನಾನು ರಮ್ಯಳಿಗೂ ತೋರಿಸಿಲ್ಲ, ಒಬ್ಬನೇ ನೋಡೋದು. ನಾನು ಮುಂದಿನ ಎಲೆಗೆ ಹೋದ ಮೇಲೂ ಕ್ಯಾಮೆರಾ ಮೂರು ನಾಲ್ಕು ಸೆಕೆಂಡ್ ಅಲ್ಲೇ ನಿಂತಿದೆ. ಶ್ರೀರಾಮಪ್ಪ ತಲೆ ತಗ್ಗಿಸಿ ಕೂತಿದ್ದಾನೆ, ಎಲೆ ಮುಟ್ಟಿಲ್ಲ. ಪಕ್ಕದಲ್ಲಿ ಕೂತಿರೋ ಮುದುಕಿ ತನ್ನ ಎಲೆಯಿಂದ ಹೋಳಿಗೆ ಎತ್ತಿಕೊಳ್ತಾಳೆ. ಅರ್ಧ ತಿಂದಿರೋ ಹೋಳಿಗೆ. ಎಂಜಲು ಅಂತ ನೋಡದೆ, ಮನೆ ಮಕ್ಕಳಿಗೆ ಹಾಕೋ ಹಾಗೆ, ಅದನ್ನ ಅವನ ಎಲೆಗೆ ಹಾಕ್ತಾಳೆ. ಅವನು ಅದನ್ನ ತಿಂತಾನೆ.

ಅಷ್ಟೇ. ಹೆಚ್ಚಿಗೆ ಏನೂ ನಡೀಲಿಲ್ಲ, ನಡೆದದ್ದರಲ್ಲಿ ನಾನು ಕಟ್ಟಿದ್ದು ಏನೂ ಇಲ್ಲ. ದಿನ ಬೇಕಾ? ವೀಡಿಯೊದ ಮೂಲೆಯಲ್ಲೇ ಬರೆದಿದೆ. ಎರಡು ಸಾವಿರದ ಇಪ್ಪತ್ನಾಲ್ಕನೇ ಇಸವಿ, ಫೆಬ್ರವರಿ ಹದಿನೆಂಟು, ಭಾನುವಾರ, ಮಧ್ಯಾಹ್ನ ಒಂದು ಗಂಟೆ ನಲವತ್ತಾರು ನಿಮಿಷ.